ನಡುಹೊಳೆಯಲ್ಲಿ ಗುಡುಗು ಮಳೆ



ಬೇಸಗೆಯ ಒಂದು ಸಂಜೆ ನೀವು ರೇಡಿಯೋ ಮುಂದೆ ಕುಳಿತಿದ್ದೀರಿ. ಹೊರಗೆ ಬಿಸಿಲಿನ್ನೂ ಆರಿಲ್ಲ. ಆಕಾಶದಲ್ಲಿ ಹೇಳಿಕೊಳ್ಳುವಂಥ ಮೋಡವೂ ಇಲ್ಲ. ಮಧ್ಯಮ ತರಂಗದಲ್ಲಿ ಸಂಗೀತವೊಂದು ಬರುತ್ತಿದೆ. ಅದರ ನಡುವೆ ಇದ್ದಕ್ಕಿದ್ದಂತೆ 'ಕರ್' ಎಂದು ಸದ್ದಾಗುತ್ತದೆ. ಮತ್ತೆ ನಿಲ್ಲುತ್ತದೆ, ಮತ್ತೆ ಬರುತ್ತದೆ. ಪೆಟ್ಟಿಗೆ ಕೆಟ್ಟಿತೆಂದು ನೀವು ಗುಂಡಿ ತಿರುಗಿಸುತ್ತೀರಿ. ಕೆಟ್ಟದ್ದು ಪೆಟ್ಟಿಗೆಯಲ್ಲ. ಎಲ್ಲೋ ಹಲವು ಹರದಾರಿಗಳಾಚೆ ಮಿಂಚು ಹೊಡೆದಿದೆ. ಆ ಮಿಂಚಿನ ವಿದ್ಯುತ್ತೇ ರೇಡಿಯೋ ಅಲೆಯಾಗಿ ನಿಮ್ಮ ಮನೆಯೊಳಕ್ಕೆ ಬಂದು ಸದ್ದು ಮಾಡಿದೆ. ನಮ್ಮ ತಂದೆಯವರ ಕಾಲದಲ್ಲಿ ಮಹಡಿಯ ಮೇಲೆ ಎರಡು ಗಳ ನೆಟ್ಟು ಏರಿಯಲ್ ತಂತಿ ಕಟ್ಟುತ್ತಿದ್ದರು. ಗುಡುಗು ಕೇಳಿದೊಡನೆ ಮನೆಯ ಹಿರಿಯರು ಓಡಿಹೋಗಿ ಆ ತಂತಿಯನ್ನು ಪೆಟ್ಟಿಗೆಯಿಂದ ಕಿತ್ತಿಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಮನೆಯಲ್ಲಿ ಕುಳಿತವರಿಗೆ ಹೀಗೆ ಮುನ್ಸೂಚನೆಯಿದೆ, ತಲೆಯ ಮೇಲೆ ಸೂರಿದೆ, ತಂತಿ ಕಿತ್ತಿಡಲು ಸಮಯವೂ ಇದೆ. ಆದರೆ ಅದೇ ಹೊತ್ತಿನಲ್ಲಿ ಹೊಳೆಯ ನಡುವೆ ತೆಪ್ಪದಲ್ಲಿ ಕುಳಿತವನ ಪಾಡೇನು? ಆ ಪಾಡನ್ನು ನಾನೊಮ್ಮೆ ಅನುಭವಿಸಿದ್ದೇನೆ. ನನ್ನ ತಪ್ಪಿನಿಂದ ಆರು ಮಂದಿ ಹುಡುಗರೂ ಅನುಭವಿಸಿದರು. ಅದನ್ನು ನಿಮ್ಮ ಮುಂದೆ ಹೇಳಬೇಕೆಂದೇ ಈ ಭಾಷಣಕ್ಕೆ ಒಪ್ಪಿಕೊಂಡೆ.

ಮೊದಲು ಸ್ಥಳವನ್ನು ಹೇಳುತ್ತೇನೆ. ನಂಜನಗೂಡಿನ ಶ್ರೀಕಂಠೇಶ್ವರನ ಪಾದದ ಬಳಿ ಹರಿಯುವ ಕಪಿಲೆ ಅಲ್ಲಿಂದ ಪೂರ್ವಕ್ಕೆ ಸಾಗಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. 'ಕೂಡಲು' ಎಂದರೆ ನದಿಗಳು ಕೂಡುವ ಎಡೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲಿ ಸೇರುತ್ತದೆಂಬ ನಂಬಿಕೆಯಿಂದ ಇದು ತ್ರಿವೇಣಿ ಸಂಗಮವೆನಿಸಿದೆ. ೧೯೮೯ರಿಂದ ಇಲ್ಲಿ ಕುಂಭಮೇಳವೂ ನಡೆದುಬಂದಿದೆ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಕಪಿಲೆಯ ಆಚೆಗೆ ಎರಡು ನದಿಗಳ ನಡುವಣ ಮೂಲೆಯಲ್ಲಿ ಅಗಸ್ತ್ಯೇಶ್ವರ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆಂದು ಊರಿನವರ ಹೆಮ್ಮೆ.

ಈ ಎರಡು ಹೊಳೆಗಳ ಮೇಲೂ ಸೇತುವೆಗಳಿವೆ. ನಂಜನಗೂಡಿನಲ್ಲಂತೂ ೧೭೩೫ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆ ಇಂದಿಗೂ ನಿಂತಿದೆ. ಆದರೂ ನಮ್ಮ ಸೀಮೆಯಲ್ಲಿ ತೆಪ್ಪದ ಬಳಕೆ ಪೂರ್ತಿಯಾಗಿ ನಿಂತಿಲ್ಲ. ಬಿದಿರ ಸೀಳುಗಳನ್ನು ಹೆಣೆದು ಮಾಡಿದ ದೊಡ್ಡ ಬುಟ್ಟಿ ಅದು. ಹಿಂದೆ ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಚೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ಪುಸ್ತಕದ ಮಾತಿನಲ್ಲಿ ಅದು ಹರಿಗೋಲು. ಅದಕ್ಕೆ ಮುಂದೆ ಹಿಂದೆ ಎಂಬುದಿಲ್ಲ, ಚುಕ್ಕಾಣಿಯಿಲ್ಲ, ಕಂಬವಿಲ್ಲ, ಹಾಯಿಯಿಲ್ಲ. ಅಂಬಿಗನ ಕೈಯಲ್ಲಿರುವ ಹುಟ್ಟು ಒಂದೇ ಅದಕ್ಕೆ ಗತಿ. ತಿಳಿನೀರಿನಲ್ಲಿ ಅದರಷ್ಟು ಸುಖದ ವಾಹನ ಮತ್ತೊಂದಿಲ್ಲ. ಗಾಳಿ ಎದ್ದರೆ ಮಾತ್ರ ನೀರಿನ ಮೇಲೆ ಬಿದ್ದ ಒಣಗಿದೆಲೆಗೂ ಅದಕ್ಕೂ ಹೆಚ್ಚು ಅಂತರವಿಲ್ಲ.

ಹೊಳೆಯ ಅಪಾಯವೆಂದರೆ ನಮಗೆ ಮೊದಲು ನೆನಪಾಗುವುದು ಮಳೆಗಾಲದ ಪ್ರವಾಹ. ೨೦೧೯ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ಸ್ನಾನಘಟ್ಟ ಮುಳುಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಪ್ರವಾಹಕ್ಕೆ ಮುನ್ನೆಚ್ಚರಿಕೆಯುಂಟು. ಕಬಿನಿ ಅಣೆಕಟ್ಟಿನಿಂದ ಇಷ್ಟು ನೀರು ಬಿಡುತ್ತೇವೆಂದು ಡಂಗುರ ಹೊಡೆಯುತ್ತಾರೆ, ರೇಡಿಯೋದಲ್ಲಿ ಹೇಳುತ್ತಾರೆ. ನಾನು ಹೇಳಹೊರಟದ್ದು ಹೊಳೆ ಬಡವಾಗಿ, ಮರಳು ಎದ್ದು ಕಾಣುವ ಚೈತ್ರ ವೈಶಾಖಗಳ ಮಾತು. ಆಗ ಬರುವ ಅಶ್ವಿನಿ, ಭರಣಿ ಮಳೆಗಳಿಗೆ ಡಂಗುರ ಹೊಡೆಯುವವರು ಯಾರೂ ಇಲ್ಲ. ಆ ಮಳೆಗಳು ತಮ್ಮ ಡಂಗುರವನ್ನು ತಾವೇ ಹೊಡೆದುಕೊಂಡು ಬರುತ್ತವೆ. ಅದನ್ನು ಕೇಳುವ ಕಿವಿ ನಮಗಿರಬೇಕು, ಅಷ್ಟೆ.

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಜಾಗರೂಕವಾಗಿದೆ. ಮಿನುಗುವುದು ಮಿಂಚು, ಗುಡುಗುಡಿಸುವುದು ಗುಡುಗು, ಸಿಡಿದು ಬೀಳುವುದು ಸಿಡಿಲು. ಒಂದೇ ಘಟನೆಯನ್ನು ಕಣ್ಣಿಗೊಂದು, ಕಿವಿಗೊಂದು, ಪೆಟ್ಟಿಗೊಂದು ಎಂದು ಮೂರು ಹೆಸರಿನಿಂದ ಬೇರ್ಪಡಿಸಿದ್ದಾರೆ. ಗೆರೆ ಎಳೆದಂತೆ ಇಳಿಯುವುದು ಕೋಲ್ಮಿಂಚು. ಮಳೆಯಿಲ್ಲದ ಕಡೆ ಎರಗುವುದು ಬರಸಿಡಿಲು. ಈ ಕೊನೆಯ ಮಾತು ಬರಿಯ ಕವಿಸಮಯವಲ್ಲ. ಮಳೆ ಸುರಿಯುತ್ತಿರುವ ಜಾಗದಿಂದ ಹತ್ತು ಕಿಲೋಮೀಟರ್ ದೂರದಲ್ಲಿಯೂ ಸಿಡಿಲು ಬೀಳಬಲ್ಲದೆಂದು ವಿಜ್ಞಾನಿಗಳು ಹೇಳುತ್ತಾರೆ. ತಲೆಯ ಮೇಲೆ ಬಿಸಿಲಿದೆ ಎಂಬುದು ಅಭಯವಲ್ಲ.

ಈ ಮಳೆ ಹುಟ್ಟುವ ಬಗೆ ಹೀಗೆ. ಬೆಳಗಿನಿಂದ ಕಾದ ನೆಲದ ಮೇಲಣ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇಳುತ್ತದೆ. ಅದರಲ್ಲಿ ತೇವವಿದ್ದರೆ ಎತ್ತರದಲ್ಲಿ ತಣಿದು ಮೋಡವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಆ ಮೋಡ ಹೂಕೋಸಿನಂತೆ ಉಬ್ಬುತ್ತ, ಹತ್ತು ಹನ್ನೆರಡು ಕಿಲೋಮೀಟರಿನಷ್ಟು ಎತ್ತರದ ಗೋಪುರವಾಗುತ್ತದೆ. ಹೊರಗೆ ನಾವು ಬೆವರುತ್ತಿರುವಾಗ ಆ ಗೋಪುರದ ಮೇಲಂತಸ್ತಿನಲ್ಲಿ ಮಂಜಿನ ಹರಳುಗಳು ಎಳೆಯ ಆಲಿಕಲ್ಲುಗಳಿಗೆ ತಾಕಾಡುತ್ತಿರುತ್ತವೆ. ಆ ತಾಕಾಟದಲ್ಲಿ ವಿದ್ಯುತ್ತು ಎರಡಾಗಿ ಒಡೆದು, ಧನವಿದ್ಯುತ್ತು ಹೆಚ್ಚಾಗಿ ಮೋಡದ ತಲೆಯಲ್ಲಿಯೂ ಋಣವಿದ್ಯುತ್ತು ಹೆಚ್ಚಾಗಿ ಕೆಳಭಾಗದಲ್ಲಿಯೂ ಶೇಖರವಾಗುತ್ತದೆ. ತಡೆಯಲಾರದಷ್ಟಾದಾಗ ಅದು ಸಿಡಿಯುತ್ತದೆ. ಮಿಂಚು ಹಾಯ್ದ ದಾರಿಯ ಗಾಳಿ ಕ್ಷಣಮಾತ್ರದಲ್ಲಿ ಸೂರ್ಯನ ಮೇಲ್ಮೈಗಿಂತ ಸುಮಾರು ಐದು ಪಾಲು ಬಿಸಿಯಾಗಿ ಹಿಗ್ಗುತ್ತದೆ. ಆ ಹಿಗ್ಗಿನ ಸದ್ದೇ ಗುಡುಗು. ಮಿಂಚೂ ವಿದ್ಯುತ್ತೂ ಒಂದೇ ಎಂಬುದು ತಿಳಿದದ್ದು ೧೭೫೨ರಲ್ಲಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ ಪ್ರಯೋಗವನ್ನು ಆ ವರ್ಷ ಫ್ರಾನ್ಸಿನಲ್ಲಿ ಮಾಡಿ ನೋಡಿದರು. ಮರುವರ್ಷ ರಷ್ಯದಲ್ಲಿ ರಿಕ್‌ಮನ್ ಎಂಬ ವಿದ್ವಾಂಸ ಇಂಥದೇ ಪ್ರಯೋಗಕ್ಕೆ ಹೋಗಿ ಸಿಡಿಲಿಗೆ ಬಲಿಯಾದ.

ಇನ್ನೊಂದು ಸಂಗತಿಯಿದೆ. ನೀರಿನ ಮೇಲಿರುವವರಿಗೆ ಅದು ಮುಖ್ಯ. ಮೋಡದಿಂದ ಮಳೆ ಇಳಿಯುವಾಗ ಅದರೊಡನೆ ತಣ್ಣನೆಯ ಗಾಳಿಯೂ ರಭಸದಿಂದ ಇಳಿಯುತ್ತದೆ. ಅದು ನೆಲವನ್ನು ಮುಟ್ಟಿ, ಅಂಗಳಕ್ಕೆ ಕೊಡದಿಂದ ಸುರಿದ ನೀರಿನಂತೆ ನಾಲ್ಕು ಕಡೆಗೂ ಹರಿಯುತ್ತದೆ. ಆದ್ದರಿಂದ ಮೊದಲು ಬರುವುದು ಮಳೆಯಲ್ಲ, ಗಾಳಿ. ಮಣ್ಣಿನ ವಾಸನೆಯನ್ನು ನಮ್ಮ ಮೂಗಿಗೆ ತರುವುದೂ ಆ ಗಾಳಿಯೇ. ಮನೆಯ ಜಗಲಿಯ ಮೇಲೆ ಕುಳಿತವನಿಗೆ ಆ ವಾಸನೆ ಎಷ್ಟು ಹಿತ! ನಡುಹೊಳೆಯಲ್ಲಿರುವವನಿಗೆ ಅದು ಕೊನೆಯ ಎಚ್ಚರಿಕೆ.

ಇಷ್ಟೆಲ್ಲ ನನಗೆ ಈಗ ತಿಳಿದಿದೆ. ೧೯೯೮ರ ಏಪ್ರಿಲ್‌ನಲ್ಲಿ ತಿಳಿದಿರಲಿಲ್ಲ.

ಆಗ ನಾನು ಅಧ್ಯಾಪಕನಾಗಿ ಎರಡು ಮೂರು ವರ್ಷವಾಗಿತ್ತು. ಹಳಗನ್ನಡ ಓದಿದ್ದೇನೆಂಬ ಜಂಬವೂ ಕೊಂಚ ಇತ್ತು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಆರು ಮಂದಿ ಹುಡುಗರು ಸಂಗಮವನ್ನು ನೋಡಬೇಕೆಂದರು. ನಂಜನಗೂಡಿನಿಂದ ಬೆಳಗಿನ ಬಸ್ಸು ಹಿಡಿದು ನರಸೀಪುರಕ್ಕೆ ಹೋದೆವು. ನರಸಿಂಹಸ್ವಾಮಿಯ ದರ್ಶನ ಮಾಡಿ, ತೆಪ್ಪದಲ್ಲಿ ಆಚೆಗೆ ದಾಟಿದೆವು. ಅಗಸ್ತ್ಯೇಶ್ವರನ ಗುಡಿಯಲ್ಲಿ ಮರಳಿನ ಲಿಂಗದ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ತಂದಿದ್ದ ಚಿತ್ರಾನ್ನ, ಮೊಸರನ್ನಗಳನ್ನು ಮರದ ನೆರಳಲ್ಲಿ ತಿಂದೆವು. ಮೂರು ಗಂಟೆಯ ಹೊತ್ತಿಗೆ ಹಿಂದಿರುಗಲೆಂದು ದಡಕ್ಕೆ ಬಂದೆವು.

ಬೆಳಿಗ್ಗೆ ನಮ್ಮನ್ನು ದಾಟಿಸಿದ ಅಂಬಿಗ ಅಲ್ಲಿಯೇ ಇದ್ದ. ಅರವತ್ತರ ಹತ್ತಿರದ ಮನುಷ್ಯ. ತೆಪ್ಪವನ್ನು ಮರಳಿನ ಮೇಲೆ ಬೋರಲು ಹಾಕಿ, ಅದರ ನೆರಳಿನಲ್ಲಿ ಕುಳಿತಿದ್ದ.

"ಯಜಮಾನರೆ, ಹೊರಡೋಣವೆ?" ಎಂದೆ.

ಅವನು ಏಳಲಿಲ್ಲ. "ಈಗ ಬ್ಯಾಡಿ ಮೇಷ್ಟ್ರೇ. ಒಂದು ಗಂಟೆ ತಡೀರಿ" ಎಂದ.

"ಏಕೆ?"

"ಗಾಳಿ ಸತ್ತೋಗದೆ. ನೋಡಿ, ಅರಳಿ ಎಲೆ ಅಳ್ಳಾಡ್ತಾ ಇಲ್ಲ."

ನಾನು ತಲೆಯೆತ್ತಿ ನೋಡಿದೆ. ಬಿಸಿಲು ಧಗಧಗಿಸುತ್ತಿತ್ತು. ದೂರದಲ್ಲಿ, ತೆಂಗಿನ ತೋಟಗಳ ಹಿಂದೆ, ಬಿಳಿಯ ಮೋಡವೊಂದು ಎದ್ದಿತ್ತು. ಅದರ ಬುಡ ಮಾತ್ರ ಮಸಿಯಂತೆ ಕಪ್ಪಾಗಿತ್ತು. ಹೊಳೆ ಕನ್ನಡಿಯಂತೆ ನಿಶ್ಚಲವಾಗಿತ್ತು. ದಾಟಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದೆಂದು ನನಗೆ ತೋರಿತು.

"ನಾಲ್ಕೂವರೆಗೆ ನಮಗೆ ಬಸ್ಸಿದೆ" ಎಂದೆ.

"ಹಂಗಾದ್ರೆ ಸೇತುವೆ ಮ್ಯಾಲೆ ನಡ್ಕೊಂಡು ಹೋಗಿ. ಅರ್ಧ ಗಂಟೆ ದಾರಿ. ನಂಗೆ ಕಾಸೇನೂ ಬ್ಯಾಡ."

ಶ್ರೋತೃಗಳೆ, ಸೇತುವೆ ಅಲ್ಲಿಯೇ ಕಣ್ಣಿಗೆ ಕಾಣುತ್ತಿತ್ತು. ನಡೆದುಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹುಡುಗರಿಗೆ ತೆಪ್ಪದ ಆಸೆ. ನನಗೆ ಅವರ ಮುಂದೆ ನನ್ನ ಮಾತು ನಡೆಯಲಿಲ್ಲವಲ್ಲಾ ಎಂಬ ಕಸಿವಿಸಿ. ಬೆಳಿಗ್ಗೆಯಿಂದ 'ಯಜಮಾನರೆ' ಎನ್ನುತ್ತಿದ್ದ ನಾಲಗೆ ಸಟ್ಟನೆ ಹೊರಳಿತು. "ಏನಯ್ಯ, ಐದು ರೂಪಾಯಿ ಹೆಚ್ಚಿಗೆ ಬೇಕಾದರೆ ನೇರವಾಗಿ ಕೇಳು. ಗಾಳಿ ಗೀಳಿ ಎಂದು ಕಥೆ ಏಕೆ ಕಟ್ಟುತ್ತೀಯೆ?" ಎಂದುಬಿಟ್ಟೆ.

ಹುಡುಗರು ನಕ್ಕರು. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಸ್ವಲ್ಪ ದೂರದಲ್ಲಿ ಮತ್ತೊಂದು ತೆಪ್ಪವಿತ್ತು. ಅದರ ಬಳಿ ಹದಿನೆಂಟು ಇಪ್ಪತ್ತರ ಯುವಕನೊಬ್ಬ ನಿಂತು ನಮ್ಮನ್ನೇ ನೋಡುತ್ತಿದ್ದ. ಮುದುಕ ಅವನ ಕಡೆಗೊಮ್ಮೆ ನೋಡಿದ. ಆಮೇಲೆ ಎದ್ದು ತನ್ನ ತೆಪ್ಪವನ್ನು ನೀರಿಗೆ ಸರಿಸಿದ. "ನಾನು ಬರ್ನಿಲ್ಲ ಅಂದ್ರೆ ನೀವು ಆ ಹೈದನ್ನ ಕರ್ಕೊಂಡು ಹೋಯ್ತೀರಿ. ಅದ್ಕಿಂತ ನಾನೇ ಬತ್ತೀನಿ. ಹತ್ತಿ" ಎಂದ.

ಅರ್ಧ ಹೊಳೆ ದಾಟಿರಬಹುದು. ಒಬ್ಬ ಹುಡುಗ ಮೂಗರಳಿಸಿ, "ಸಾರ್, ಎಲ್ಲೋ ಮಳೆ ಬಿದ್ದಿದೆ, ಮಣ್ಣಿನ ವಾಸನೆ" ಎಂದ. ನಾನೂ ಮೂಸಿ ನೋಡಿ ಸಂತೋಷಪಟ್ಟೆ. ಅಂಬಿಗನ ಮುಖ ಮಾತ್ರ ಬಿಗಿಯಿತು. "ಎಲ್ಲಾ ಕೆಳಕ್ಕೆ ಕುಕ್ಕರಿಸಿ. ಕೊಡೆ ಮುಚ್ಚಿ. ಯಾರೂ ಏಳಬ್ಯಾಡಿ" ಎಂದ. ಅವನ ಮಾತು ಮುಗಿಯುವಷ್ಟರಲ್ಲಿ ಆಚೆ ದಡದ ಮರಳು ಗೋಡೆಯಂತೆ ಮೇಲೆದ್ದುದನ್ನು ಕಂಡೆ. ಮರುಕ್ಷಣವೇ ಗಾಳಿ ನಮ್ಮ ಮೇಲಿತ್ತು.

ತೆಪ್ಪ ಬುಗುರಿಯಂತೆ ತಿರುಗಿತು. ದಡ ಯಾವುದು, ಹೊಳೆ ಯಾವುದು ತಿಳಿಯಲಿಲ್ಲ. ಒಂದು ಕಡೆಯಿಂದ ನೀರು ಒಳಕ್ಕೆ ಎರಚಿತು. ಹುಡುಗರು ಹೆದರಿ ಮತ್ತೊಂದು ಕಡೆಗೆ ಸರಿದರು. ಆಗ ಆ ಮುದುಕ ಗದರಿಸಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ: "ಕುಂತಲ್ಲೇ ಕುಂತ್ಕೊಳ್ಳಿ!" ನಾವು ಹೋಗಬೇಕಾಗಿದ್ದ ದಡದ ಕಡೆಗೆ ಅವನು ಹುಟ್ಟು ಹಾಕಲೇ ಇಲ್ಲ. ಮಂಡಿಯೂರಿ ಕುಳಿತು, ಗಾಳಿ ತಳ್ಳಿದತ್ತಲೇ ತೆಪ್ಪವನ್ನು ಬಿಟ್ಟು, ಮಗುಚದಂತೆ ಮಾತ್ರ ಕಾಯುತ್ತ, ಕೆಳಗಡೆ ಎದ್ದಿದ್ದ ಒಂದು ಮರಳ ದಿಬ್ಬಕ್ಕೆ ಅದನ್ನು ಓರೆಯಾಗಿ ಸಾಗಿಸಿದ. ನನಗೆ ಆಗ ಅದು ಅರ್ಥವಾಗಲಿಲ್ಲ. ಗಾಳಿಯೊಡನೆ ಹೋರಾಡಿ ನಾಲ್ಕು ಮಾರು ಗೆಲ್ಲುವುದಕ್ಕಿಂತ ಅದರ ಜೊತೆಯಲ್ಲಿ ಹೋಗಿ ನೆಲ ಸೇರುವುದೇ ಮೇಲೆಂಬುದು ಅವನ ಲೆಕ್ಕ.

ಆ ಹೊತ್ತಿಗೆ ಆಲಿಕಲ್ಲು ಬೀಳತೊಡಗಿತ್ತು. ಮಿಂಚಿಗೂ ಗುಡುಗಿಗೂ ನಡುವೆ ಎವೆಯಿಕ್ಕುವಷ್ಟು ಹೊತ್ತೂ ಇರಲಿಲ್ಲ. ನಮ್ಮ ಅಜ್ಜಿ ಗುಡುಗಿದಾಗಲೆಲ್ಲ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಸುತ್ತಿದ್ದರು. ಅಂದು ನನಗೆ ಮೊದಲ ಹೆಸರಿನಿಂದ ಮುಂದಕ್ಕೆ ನೆನಪಾಗಲಿಲ್ಲ. ಮೊಣಕಾಲುದ್ದ ನೀರಿಗಿಳಿದು, ದಿಬ್ಬವನ್ನು ದಾಟಿ ದಡಕ್ಕೆ ಓಡಿದೆವು. ಒಬ್ಬ ಹುಡುಗ ನೇರವಾಗಿ ಒಂಟಿ ಮರವೊಂದರ ಬುಡಕ್ಕೆ ನುಗ್ಗಿದ. ಅಂಬಿಗ ಅವನ ಅಂಗಿಯ ಕಾಲರು ಹಿಡಿದು ಎಳೆದುಕೊಂಡ. ತಗ್ಗಿನಲ್ಲಿ ಲಕ್ಕಿ ಗಿಡಗಳ ಪೊದೆಯಿತ್ತು. ಅದರ ಮಗ್ಗುಲಲ್ಲಿ ಒಬ್ಬೊಬ್ಬರನ್ನು ಬೇರೆ ಬೇರೆಯಾಗಿ, ಕಾಲು ಜೋಡಿಸಿ ತಲೆ ತಗ್ಗಿಸಿ ಕುಕ್ಕರಗಾಲಿನಲ್ಲಿ ಕೂರಿಸಿದ. ಆ ಒಂಟಿ ಮರಕ್ಕೆ ಸಿಡಿಲು ಬಿತ್ತೆಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಅದಕ್ಕೆ ಬೀಳಲಿಲ್ಲ. ಬಿದ್ದದ್ದು ಹೊಳೆಯಾಚೆಯ ಒಂದು ತೆಂಗಿಗೆ. ಅದರ ಸುಳಿ ದೀವಟಿಗೆಯಂತೆ ಹೊತ್ತಿಕೊಂಡಿತು. ಆ ಮಳೆಯಲ್ಲಿಯೂ ಅದು ಉರಿಯುತ್ತಿದ್ದುದನ್ನು ನಾವು ಏಳು ಮಂದಿಯೂ ಕಣ್ಣಾರೆ ಕಂಡೆವು.

ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಪಶ್ಚಿಮದಲ್ಲಿ ಬಿಸಿಲು ಮತ್ತೆ ಕಾಣಿಸಿತು. ಯಾರಿಗೂ ಏನೂ ಆಗಲಿಲ್ಲ. ಅಂಬಿಗನ ಹುಟ್ಟು ಮುರಿದಿತ್ತು. ನಾನು ಕೊಟ್ಟ ಹಣದಲ್ಲಿ ತನಗೆ ಸಲ್ಲಬೇಕಾದಷ್ಟನ್ನೇ ತೆಗೆದುಕೊಂಡು ಉಳಿದದ್ದನ್ನು ಹಿಂದಕ್ಕೆ ಕೊಟ್ಟ.

ಇಲ್ಲಿಗೆ ಮುಗಿದಿದ್ದರೆ ನನಗೆ ಇಂದು ಇದನ್ನು ಹೇಳುವ ಕಷ್ಟವಿರುತ್ತಿರಲಿಲ್ಲ. ಮಾರನೆಯ ದಿನ ಹುಡುಗರ ತಂದೆತಾಯಿಗಳು ಕೇಳಿದರು, ನನ್ನ ಹಿರಿಯ ಸಹೋದ್ಯೋಗಿಗಳೂ ಕೇಳಿದರು. "ಅಂಥ ಹೊತ್ತಿನಲ್ಲಿ ತೆಪ್ಪ ಹತ್ತಿದಿರೇಕೆ?" ಎಂದರು. ನಾನು, "ಹೊಳೆಯ ಮೇಲೆ ಬದುಕುವ ಅಂಬಿಗನಿಗೆ ಮಳೆ ಬರುವುದು ತಿಳಿಯಬೇಡವೆ?" ಎಂದೆ. ಅದು ಪ್ರಶ್ನೆಯಂತಿದ್ದರೂ ಸುಳ್ಳಾಗಿತ್ತು. ಆ ಆರು ಹುಡುಗರೂ ಅಲ್ಲಿಯೇ ನಿಂತಿದ್ದರು. ಯಾರೂ ಬಾಯಿ ಬಿಡಲಿಲ್ಲ. ಮೇಷ್ಟರು ಹೇಳಿದ ಮೇಲೆ ಹುಡುಗರು ಏನು ಹೇಳಿಯಾರು? ಒಬ್ಬ ಮಾತ್ರ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಕಣ್ಣು ಕೆಳಗೆ ಹಾಕಿದ.

ಆ ನೋಟ ನನ್ನನ್ನು ಬಿಡಲಿಲ್ಲ. ಒಂದು ತಿಂಗಳ ಮೇಲೆ ಒಬ್ಬನೇ ನರಸೀಪುರಕ್ಕೆ ಹೋದೆ. ಅಂಬಿಗ ಹೊಸ ಹುಟ್ಟೊಂದನ್ನು ಕೆತ್ತುತ್ತ ಕುಳಿತಿದ್ದ. ನಾನು ಆಡಿದ ಮಾತನ್ನೂ, ಆಮೇಲೆ ಹೇಳಿದ ಸುಳ್ಳನ್ನೂ ಒಪ್ಪಿಕೊಂಡೆ. "ಬುಡಿ ಮೇಷ್ಟ್ರೇ, ಮಕ್ಕಳು ಮನೆ ಸೇರಿದ್ವಲ್ಲ" ಎಂದ. ಆಮೇಲೆ ನಾನು ಕೇಳಿಕೊಂಡದ್ದರಿಂದ ತನಗೆ ತಿಳಿದ ಗುರುತುಗಳನ್ನು ಹೇಳಿದ. ಮೋಡದ ಬುಡ ಕಪ್ಪಾಗಿ ತಲೆ ಹೂವಿನಂತೆ ಅರಳುತ್ತಿದ್ದರೆ ಹೊಳೆಗಿಳಿಯಬಾರದು. ಬೀಸುತ್ತಿದ್ದ ಗಾಳಿ ಸಟ್ಟನೆ ನಿಂತು ಮೈ ಬೆವರಿದರೆ ಇನ್ನು ಒಂದು ಗಂಟೆಯ ಮಾತು. ತಣ್ಣಗಿನ ಗಾಳಿ, ಮಣ್ಣಿನ ವಾಸನೆ ಬಂದರೆ ಗಂಟೆಯ ಮಾತಲ್ಲ, ಹತ್ತು ಎಣಿಸುವ ಮಾತು. ಈ ಗುರುತುಗಳನ್ನು ಪುಸ್ತಕಗಳಲ್ಲಿ ಹುಡುಕಿ ನೋಡಿದೆ. ಬಿಸಿಗಾಳಿ ಮೋಡದೊಳಕ್ಕೆ ಏರುವಾಗಿನ ಸ್ತಬ್ಧತೆ, ಆಮೇಲೆ ಇಳಿದುಬರುವ ತಂಗಾಳಿ, ಎಲ್ಲಕ್ಕೂ ಅಲ್ಲಿ ಕಾರಣ ಸಿಕ್ಕಿತು. ಪುಸ್ತಕ ಕಾರಣ ಹೇಳಿತು. ಮುದುಕ ಹೊತ್ತು ಹೇಳಿದ.

ಹಾಯಿಹಡಗಿನವರ ಅನುಭವವೂ ಇದಕ್ಕೆ ಹೊರತಲ್ಲ. ದೊಡ್ಡ ಕಡಲಿನಲ್ಲಿ ಹೋಗುವವರಿಗೆ ದಡದಲ್ಲಿ ಕಾಯುವ ಸೌಕರ್ಯವಿಲ್ಲ. ಮೋಡ ಕಂಡಾಗಲೇ, ಗಾಳಿ ಮುಟ್ಟುವ ಮೊದಲೇ, ಅವರು ಹಾಯಿಯನ್ನು ಇಳಿಸುತ್ತಾರೆ, ಇಲ್ಲವೆ ಮಡಿಸಿ ಚಿಕ್ಕದು ಮಾಡುತ್ತಾರೆ. ಗಾಳಿ ಬಂದ ಮೇಲೆ ಇಳಿಸುವೆನೆಂದರೆ ಹಾಯಿ ಹರಿಯುತ್ತದೆ, ಇಲ್ಲವೆ ದೋಣಿ ಮಗ್ಗುಲಾಗುತ್ತದೆ. ನಮ್ಮ ಸೈನ್ಯದ ಇಂಜಿನಿಯರ್ ದಳದವರು ೧೯೮೫ರಿಂದ ೧೯೮೭ರವರೆಗೆ 'ತೃಷ್ಣಾ' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿಬಂದರು. ಅಂಥವರಿಗೂ ಪಾಠ ಇದೇ.

ಇನ್ನು ಸಿಡಿಲು. ಬಯಲಾದ ನೀರಿನ ಮೇಲೆ ಎಲ್ಲಕ್ಕಿಂತ ಎತ್ತರವಾದದ್ದು ಹಡಗಿನ ಕಂಬ. ಹಿಂದೆ ಸಿಡಿಲು ಬಡಿದು ಮರದ ಕಂಬಗಳು ಸೀಳಿಹೋಗುತ್ತಿದ್ದುವು. ವಿಲಿಯಂ ಸ್ನೋ ಹ್ಯಾರಿಸ್ ಎಂಬ ಇಂಗ್ಲಿಷ್ ವಿಜ್ಞಾನಿ ಕಂಬದ ತುದಿಯಿಂದ ಹಡಗಿನ ಬುಡದವರೆಗೆ ತಾಮ್ರದ ಪಟ್ಟಿಗಳನ್ನು ಕೂರಿಸಿ, ಸಿಡಿಲನ್ನು ನೀರಿಗೆ ಇಳಿಸುವ ಉಪಾಯ ಕಂಡುಹಿಡಿದ. ೧೮೩೧ರಲ್ಲಿ ಡಾರ್ವಿನ್ ಹೊರಟ 'ಬೀಗಲ್' ಹಡಗಿಗೂ ಅದನ್ನು ಅಳವಡಿಸಿದ್ದರು. ಆದರೂ ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳಿಗೆಲ್ಲ ಅದನ್ನು ಒಪ್ಪಿಕೊಂಡದ್ದು ೧೮೪೦ರ ದಶಕದಲ್ಲಿ. ತಿಳಿದವನ ಮಾತನ್ನು ಕೇಳಲು ಮೇಲಿನವರು ತಡಮಾಡುವುದು ನನ್ನೊಬ್ಬನ ದೋಷವಲ್ಲವೆಂದು ಇದನ್ನು ಓದಿ ಒಮ್ಮೆ ಸಮಾಧಾನಪಟ್ಟುಕೊಂಡೆ. ಅದು ಸರಿಯಾದ ಸಮಾಧಾನವಲ್ಲ.

ನಮ್ಮ ತೆಪ್ಪಕ್ಕಾದರೋ ಕಂಬವೇ ಇಲ್ಲ. ಅಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು ಮನುಷ್ಯನ ತಲೆ. ಆದುದರಿಂದ ತೆಪ್ಪದವನಿಗೆ ಉಳಿದಿರುವ ಉಪಾಯ ಒಂದೇ, ಹೊರಡದಿರುವುದು.

ಬೇಸಗೆಯಲ್ಲಿ ಕುಟುಂಬಸಮೇತ ಸಂಗಮಕ್ಕೂ ತಲಕಾಡಿಗೂ ಹೋಗುವವರು ನಿಮ್ಮಲ್ಲಿ ಅನೇಕರಿದ್ದೀರಿ. ನಂಜನಗೂಡಿನ ದೊಡ್ಡ ಜಾತ್ರೆಯ ತೆಪ್ಪೋತ್ಸವವನ್ನು ನೋಡಲು ಕಪಿಲೆಯ ದಡದಲ್ಲಿ ಸೇರುವುದೂ ಬೇಸಗೆಯ ಮೊದಲಲ್ಲಿಯೇ. ಆದ್ದರಿಂದ ನಾಲ್ಕು ಮಾತನ್ನು ನೆನಪಿನಲ್ಲಿಡಿ. ಮಿಂಚು ಕಂಡೊಡನೆ ಎಣಿಸತೊಡಗಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಆಗ ನೀರಿನಲ್ಲಿಯೂ ಇರಬಾರದು, ನೀರಂಚಿನಲ್ಲಿಯೂ ಇರಬಾರದು. ಸಿಡಿಲಿನ ವಿದ್ಯುತ್ತು ನೀರಿನ ಮೇಲ್ಮೈಯಲ್ಲಿ ಹರಡುವುದರಿಂದ ಈಜುವವರಿಗೂ ಸ್ನಾನ ಮಾಡುವವರಿಗೂ ಅಪಾಯ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹಿಂದಿರುಗಬಾರದು. ಒಂಟಿ ಮರದ ಕೆಳಗೆ ನಿಲ್ಲಬಾರದು. ತೆರೆದ ಮಂಟಪ ಮಳೆಗೆ ಆಸರೆಯೇ ಹೊರತು ಸಿಡಿಲಿಗೆ ಪೂರ್ತಿ ಆಸರೆಯಲ್ಲ. ನಾಲ್ಕು ಗೋಡೆಯ ಮನೆ, ಗಾಜು ಏರಿಸಿದ ಕಾರು ಅಥವಾ ಬಸ್ಸು ಮೇಲು. ಅಂದು ಪೊದೆಯ ಮಗ್ಗುಲಲ್ಲಿ ನಾವು ಕುಳಿತದ್ದೂ ಬೇರೆ ದಾರಿ ಇಲ್ಲದ್ದರಿಂದ. ರಬ್ಬರ್ ಚಪ್ಪಲಿ ಕಾಪಾಡುತ್ತದೆಂಬುದು ಬರಿಯ ನಂಬಿಕೆ. ಸಿಡಿಲು ತಗುಲಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅವರನ್ನು ಮುಟ್ಟಲು ಹೆದರಬಾರದು. ಉಸಿರು ನಿಂತಿದ್ದರೆ ಕೂಡಲೇ ಎದೆಯನ್ನೊತ್ತಿ ಉಸಿರು ತುಂಬುವ ಉಪಚಾರ ಮಾಡಿದರೆ ಜೀವ ಉಳಿದೀತು.

ನಮ್ಮ ದೇಶದಲ್ಲಿ ಸಿಡಿಲಿಗೆ ಸಿಕ್ಕಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದಾರೆಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 'ದಾಮಿನಿ' ಎಂಬ ಆ್ಯಪನ್ನೂ, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು 'ಸಿಡಿಲು' ಎಂಬ ಆ್ಯಪನ್ನೂ ಹೊರತಂದಿದ್ದಾರೆ. ಹತ್ತಿರದಲ್ಲಿ ಸಿಡಿಲಿದ್ದರೆ ಕೈಯಲ್ಲಿರುವ ಫೋನೇ ಹೇಳುತ್ತದೆ. ಒಳ್ಳೆಯದೇ. ಆದರೆ ಫೋನು ಹೇಳಿದ್ದನ್ನು ಕೇಳುವ ಮನಸ್ಸನ್ನು ಫೋನು ಕೊಡಲಾರದು. ನನಗೆ ಎಚ್ಚರಿಕೆಯ ಕೊರತೆ ಇರಲಿಲ್ಲ. ಮನುಷ್ಯನೊಬ್ಬ ಎದುರಿಗೆ ಕುಳಿತು ಬಾಯಿಬಿಟ್ಟು ಹೇಳಿದ್ದ.

ದಾಸರು ಭವಸಾಗರವನ್ನು ದಾಟಿಸುವ ದೇವರನ್ನೇ ಅಂಬಿಗನೆಂದು ಕರೆದರು. ಹನ್ನೆರಡನೆಯ ಶತಮಾನದಲ್ಲಿ ಚೌಡಯ್ಯನೆಂಬ ಶರಣ ತನ್ನ ಅಂಬಿಗ ವೃತ್ತಿಯನ್ನೇ ಹೆಸರಿಗೆ ಸೇರಿಸಿಕೊಂಡ. ಇದನ್ನೆಲ್ಲ ನಾನು ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳುತ್ತೇನೆ. ಅಂಬಿಗನನ್ನು ನಂಬುವುದೆಂದರೆ ಅವನು 'ಬನ್ನಿ' ಎಂದಾಗ ಹತ್ತುವುದಷ್ಟೇ ಅಲ್ಲ, 'ಬೇಡ' ಎಂದಾಗ ನಿಲ್ಲುವುದೂ ಹೌದು. ಈ ಅರ್ಥವನ್ನು ನನಗೆ ಹೇಳಿಕೊಟ್ಟವನು ಅಕ್ಷರ ಬಾರದ ಆ ಮುದುಕ. ಅವನು ಈಗ ಇಲ್ಲ. ಅವನು ತೆಪ್ಪ ಕಟ್ಟುತ್ತಿದ್ದ ಜಾಗದಲ್ಲಿ ಈಗ ಬೇರೆಯವರ ತೆಪ್ಪಗಳಿವೆ.

ಜೂನ್‌ನಲ್ಲಿ ಶಾಲೆ ತೆರೆದಾಗ ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದೆ. ಆದರೆ ಆ ಆರು ಹುಡುಗರು ಆ ವೇಳೆಗೆ ಶಾಲೆ ಬಿಟ್ಟು ಹೋಗಿದ್ದರು. ಯಾರು ಕೇಳಬೇಕಿತ್ತೋ ಅವರೇ ಕೇಳಲಿಲ್ಲ. ಅವರೆಲ್ಲ ಈಗ ನಲವತ್ತು ದಾಟಿದ ಗೃಹಸ್ಥರು, ಮಕ್ಕಳೊಂದಿಗರು. ಅವರಲ್ಲಿ ಯಾರಾದರೂ ಇಂದು ಕೇಳುತ್ತಿದ್ದರೆ, ಅವರಿಗೆ ಹೇಳುವುದು ಇಷ್ಟೆ: ಅಂದು ಅಂಬಿಗನಿಗೆ ಮಳೆ ಬರುವುದು ತಿಳಿದಿತ್ತಪ್ಪ. ತಿಳಿಯದಿದ್ದುದು ನಿಮ್ಮ ಮೇಷ್ಟರಿಗೆ. ನಿಮ್ಮ ಮಕ್ಕಳನ್ನು ಹೊಳೆಗೆ ಕರೆದುಕೊಂಡು ಹೋದಾಗ ದಡದಲ್ಲಿ ಯಾರಾದರೂ 'ಒಂದು ಗಂಟೆ ತಡೀರಿ' ಎಂದರೆ, ತಡೆಯಿರಿ.